ನ್ಯಾಯಾಲಯದ ದುಭಾಷಿ: ಎರಡು ಭಾಷೆ ಬಲ್ಲವರೆಲ್ಲ ಅರ್ಹರಲ್ಲ

ಸರಕನ್ನು ರಫ್ತು ಮಾಡುವ ಉದ್ಯಮಿಗಳು ಹಡಗು ಬಾಡಿಗೆ, ವಿಮೆ, ಬ್ಯಾಂಕ್ ಕಮಿಷನ್, ವಿದೇಶಿ ವಿನಿಮಯದ ಏರಿಳಿತ ಇವೆಲ್ಲವನ್ನೂ ದರ ನಿಗದಿ ಮಾಡುವಾಗಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ವ್ಯವಹಾರ ಕೆಟ್ಟು ವಿದೇಶದ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದರೆ ತಮ್ಮ ಮಾತನ್ನು ಆ ನ್ಯಾಯಾಲಯದ ಭಾಷೆಗೆ ತಲುಪಿಸುವವರು ಯಾರು, ಅವರ ಅರ್ಹತೆಯೇನು, ಅದರ ಖರ್ಚು ಯಾರದು ಎಂಬ ಪ್ರಶ್ನೆಗಳು ಮಾತ್ರ ಸಾಮಾನ್ಯವಾಗಿ ಯಾರ ಮನಸ್ಸಿಗೂ ಬರುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ ಮಗನೋ ಸೊಸೆಯೋ ಕಚೇರಿಯ ವ್ಯವಸ್ಥಾಪಕರೋ ಜೊತೆಗಿದ್ದರೆ ಸಾಕು ಎಂಬುದು ಬಹುತೇಕರ ಭಾವನೆ. ಅಮೆರಿಕದ ನ್ಯಾಯಾಲಯಗಳು ಈ ಭಾವನೆಯನ್ನು ಒಪ್ಪುವುದಿಲ್ಲ. ಅಲ್ಲಿ ದುಭಾಷಿಯ ಕೆಲಸವು ಪರೀಕ್ಷೆ, ಪ್ರಮಾಣವಚನ ಮತ್ತು ನೀತಿಸಂಹಿತೆಗಳಿಗೆ ಒಳಪಟ್ಟ ಒಂದು ಸ್ವತಂತ್ರ ವೃತ್ತಿಯಾಗಿ ಬೆಳೆದಿದೆ. ಕೂಡುವುದು ಕಳೆಯುವುದು ಬಂದ ಮಾತ್ರಕ್ಕೆ ಯಾರೂ ಲೆಕ್ಕ ಪರಿಶೋಧಕರಾಗುವುದಿಲ್ಲ ಎಂಬುದನ್ನು ಬಲ್ಲ ವರ್ತಕರಿಗೆ ಈ ವ್ಯತ್ಯಾಸವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ದುಭಾಷಿ ಎಂಬ ಪದವು ವ್ಯಾಪಾರ ವಲಯಕ್ಕೆ ಹೊಸತಲ್ಲ. ಐರೋಪ್ಯ ಕಂಪನಿಗಳು ಕೋರಮಂಡಲ ಕರಾವಳಿಯಲ್ಲಿ ವ್ಯಾಪಾರಕ್ಕಿಳಿದಾಗ ಸ್ಥಳೀಯ ವರ್ತಕರಿಗೂ ಕಂಪನಿಗೂ ನಡುವೆ ನಿಂತವರು ದುಭಾಷಿಗಳೇ. ಹದಿನೆಂಟನೆಯ ಶತಮಾನದಲ್ಲಿ ಪುದುಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆಗೆ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯವರು ತಮ್ಮ ದಿನಚರಿಯಿಂದಾಗಿ ಇಂದಿಗೂ ಪ್ರಸಿದ್ಧರು. ಆ ಕಾಲದ ದುಭಾಷಿ ಕೇವಲ ಮಾತು ದಾಟಿಸುವವರಲ್ಲ. ಅವರೇ ದಲ್ಲಾಳಿ, ಅವರೇ ಸಲಹೆಗಾರ, ಅನೇಕ ವೇಳೆ ಸ್ವತಃ ವರ್ತಕ. ವ್ಯವಹಾರ ಕುದುರಿದರೆ ಅವರಿಗೂ ಪಾಲು ಇರುತ್ತಿತ್ತು. ಇಂದಿನ ನ್ಯಾಯಾಲಯದ ದುಭಾಷಿಯ ಸ್ಥಾನ ಇದಕ್ಕೆ ತೀರ ವಿರುದ್ಧವಾದುದು. ಮೊಕದ್ದಮೆಯ ಫಲಿತಾಂಶದಲ್ಲಿ ಅವರಿಗೆ ಯಾವ ಹಿತಾಸಕ್ತಿಯೂ ಇರಕೂಡದು. ಸಾಕ್ಷಿಗೆ ಸಲಹೆ ನೀಡಕೂಡದು. ಊಟದ ಬಿಡುವಿನಲ್ಲಿ ಸಾಕ್ಷಿಯೊಡನೆ ಮೊಕದ್ದಮೆಯ ಬಗ್ಗೆ ಮಾತನಾಡುವುದೂ ನಿಷಿದ್ಧ. ತಮ್ಮವರೇ ಆದ ಬಂಧುವನ್ನು ದುಭಾಷಿಯಾಗಿ ಕರೆದೊಯ್ಯುವ ಯೋಚನೆ ಮುಗ್ಗರಿಸುವುದು ಇಲ್ಲಿಯೇ.

ಒಂದು ಮೊಕದ್ದಮೆ, ಒಂದು ಕಾನೂನು

ಅಮೆರಿಕದಲ್ಲಿ ಈ ವ್ಯವಸ್ಥೆ ರೂಪುಗೊಳ್ಳಲು ಕಾರಣವಾದ ಪ್ರಕರಣಗಳಲ್ಲಿ ಮುಖ್ಯವಾದುದು ನೆಗ್ರೋನ್ ಎಂಬ ಯುವಕನದು. ದುಡಿಮೆಗಾಗಿ ಪೋರ್ಟೊರಿಕೊದಿಂದ ನ್ಯೂಯಾರ್ಕ್ ರಾಜ್ಯಕ್ಕೆ ಬಂದಿದ್ದ ಈತನಿಗೆ ಸ್ಪ್ಯಾನಿಷ್ ಹೊರತು ಬೇರೆ ಭಾಷೆ ಬರುತ್ತಿರಲಿಲ್ಲ. ಸಹೋದ್ಯೋಗಿಯ ಕೊಲೆಯ ಆರೋಪದ ಮೇಲೆ 1967ರಲ್ಲಿ ನಾಲ್ಕು ದಿನಗಳ ವಿಚಾರಣೆ ನಡೆಯಿತು. ಈತನ ವಕೀಲರಿಗೆ ಸ್ಪ್ಯಾನಿಷ್ ಬಾರದು. ಪ್ರಾಸಿಕ್ಯೂಷನ್ ಪರ ಸಾಕ್ಷಿ ನುಡಿದ 14 ಮಂದಿಯಲ್ಲಿ 12 ಮಂದಿ ಇಂಗ್ಲಿಷಿನಲ್ಲಿ ಹೇಳಿದರು. ಸರ್ಕಾರದ ಪರವಾಗಿ ಬಂದಿದ್ದ ದುಭಾಷಿಯೊಬ್ಬರು ಸ್ಪ್ಯಾನಿಷ್ ಸಾಕ್ಷ್ಯವನ್ನು ನ್ಯಾಯಾಧೀಶರಿಗೂ ಜ್ಯೂರಿಗೂ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದರೇ ಹೊರತು, ಇಂಗ್ಲಿಷ್ ಸಾಕ್ಷ್ಯವನ್ನು ಆರೋಪಿಗೆ ಆಗಿಂದಾಗ್ಗೆ ತಿಳಿಸುವವರು ಯಾರೂ ಇರಲಿಲ್ಲ. ಬಿಡುವಿನ ವೇಳೆಯಲ್ಲಿ ಹತ್ತಿಪ್ಪತ್ತು ನಿಮಿಷದ ಸಾರಾಂಶವಷ್ಟೇ ಈತನ ಪಾಲಿಗೆ ದಕ್ಕಿದ್ದು. ಶಿಕ್ಷೆಯಾಯಿತು. 1970ರಲ್ಲಿ ಎರಡನೆಯ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯವು, ತನ್ನ ವಿರುದ್ಧ ನುಡಿಯಲಾಗುತ್ತಿರುವುದೇನೆಂದು ತಿಳಿಯದ ವ್ಯಕ್ತಿಯ ವಿಚಾರಣೆಯು ನ್ಯಾಯಸಮ್ಮತ ವಿಚಾರಣೆಯಲ್ಲವೆಂದು ತೀರ್ಪಿತ್ತಿತು. ಆರೋಪಿ ಕುರ್ಚಿಯಲ್ಲಿ ಕುಳಿತಿದ್ದರೂ ವಿಚಾರಣೆಗೆ ಆತ ಗೈರುಹಾಜರಾದಂತೆಯೇ ಸರಿ ಎಂಬುದು ಆ ತೀರ್ಪಿನ ಹುರುಳು.

ಇದಾದ ಎಂಟು ವರ್ಷಗಳಿಗೆ, 1978ರ ಅಕ್ಟೋಬರಿನಲ್ಲಿ, ಕೋರ್ಟ್ ಇಂಟರ್‌ಪ್ರಿಟರ್ಸ್ ಆಕ್ಟ್ ಎಂಬ ಕಾಯಿದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದರು. ದುಭಾಷಿಗಳ ಅರ್ಹತೆಯನ್ನು ಗೊತ್ತುಪಡಿಸಿ ಪ್ರಮಾಣಪತ್ರ ನೀಡುವ ಹೊಣೆ ಫೆಡರಲ್ ನ್ಯಾಯಾಲಯಗಳ ಆಡಳಿತ ಕಚೇರಿಯ ಮೇಲೆ ಬಿದ್ದಿತು. ರಾಜ್ಯ ನ್ಯಾಯಾಲಯಗಳು ತಮ್ಮದೇ ಹಾದಿ ಹಿಡಿದವು. 1995ರಿಂದೀಚೆಗೆ ಅನೇಕ ರಾಜ್ಯಗಳು ಒಂದುಗೂಡಿ, ರಾಜ್ಯ ನ್ಯಾಯಾಲಯಗಳ ರಾಷ್ಟ್ರೀಯ ಕೇಂದ್ರದ ಮೂಲಕ ಪ್ರಶ್ನೆಪತ್ರಿಕೆಗಳನ್ನು ಹಂಚಿಕೊಳ್ಳುತ್ತಿವೆ. ಒಂದೊಂದು ಭಾಷೆಗೂ ಪರೀಕ್ಷೆ ಸಿದ್ಧಪಡಿಸುವುದು ದುಬಾರಿ ಕೆಲಸ. ಖರ್ಚು ಹಂಚಿಕೊಂಡರೆ ಎಲ್ಲರಿಗೂ ಹಗುರ ಎಂಬ ಸರಳ ವ್ಯಾಪಾರಿ ತರ್ಕವೇ ಇದರ ಹಿಂದಿರುವುದು.

ಪರೀಕ್ಷೆಯ ಸ್ವರೂಪ

ಫೆಡರಲ್ ಪ್ರಮಾಣಪತ್ರದ ಪರೀಕ್ಷೆಯು ಈಗ ಸ್ಪ್ಯಾನಿಷ್–ಇಂಗ್ಲಿಷ್ ಜೋಡಿಗೆ ಮಾತ್ರ ನಡೆಯುತ್ತದೆ. ಹಿಂದೆ ಅಮೆರಿಕದ ಮೂಲನಿವಾಸಿಗಳ ನವಾಹೊ ಭಾಷೆಗೂ ಹೈಟಿ ದ್ವೀಪದ ಕ್ರಿಯೋಲ್ ಭಾಷೆಗೂ ಪರೀಕ್ಷೆಗಳಿದ್ದವು. ಈಗ ಅವು ನಡೆಯುತ್ತಿಲ್ಲ. ಮೊದಲ ಘಟ್ಟ ಲಿಖಿತ ಪರೀಕ್ಷೆ. ಇಂಗ್ಲಿಷಿನಲ್ಲಿ 100, ಸ್ಪ್ಯಾನಿಷಿನಲ್ಲಿ 100 ಬಹುಆಯ್ಕೆಯ ಪ್ರಶ್ನೆಗಳು. ಎರಡರಲ್ಲಿಯೂ ಪ್ರತ್ಯೇಕವಾಗಿ ಶೇಕಡ 75 ಪಡೆಯಬೇಕು. ಒಂದರ ಹೆಚ್ಚುವರಿ ಅಂಕಗಳನ್ನು ಇನ್ನೊಂದರ ಕೊರತೆಗೆ ಹೊಂದಿಸಿಕೊಳ್ಳುವಂತಿಲ್ಲ.

ಎರಡನೆಯ ಘಟ್ಟವಾದ ಮೌಖಿಕ ಪರೀಕ್ಷೆಯಲ್ಲಿ ಬಹುಪಾಲು ಅಭ್ಯರ್ಥಿಗಳು ಎಡವುತ್ತಾರೆ. ಸುಮಾರು ಮುಕ್ಕಾಲು ಗಂಟೆಯ ಈ ಪರೀಕ್ಷೆಯಲ್ಲಿ ಐದು ಭಾಗಗಳು. ಮೊದಲೆರಡರಲ್ಲಿ ಕೈಗಿತ್ತ ದಸ್ತಾವೇಜನ್ನು ನೋಡುತ್ತ ನೋಡುತ್ತಲೇ ಇನ್ನೊಂದು ಭಾಷೆಯಲ್ಲಿ ಓದಿ ಹೇಳಬೇಕು. ಒಮ್ಮೆ ಇಂಗ್ಲಿಷಿನಿಂದ, ಒಮ್ಮೆ ಇಂಗ್ಲಿಷಿಗೆ. ಮೂರನೆಯದು ಸಾಕ್ಷಿಯ ಹೇಳಿಕೆ: ವಕೀಲರ ಪ್ರಶ್ನೆ ಮುಗಿದ ಮೇಲೆ ಅದನ್ನು ಸಾಕ್ಷಿಯ ಭಾಷೆಯಲ್ಲಿಯೂ, ಸಾಕ್ಷಿಯ ಉತ್ತರ ಮುಗಿದ ಮೇಲೆ ಅದನ್ನು ಇಂಗ್ಲಿಷಿನಲ್ಲಿಯೂ ಹೇಳುವುದು. ಉತ್ತರ ಎಷ್ಟು ದೀರ್ಘವಾದರೂ ಒಂದು ಸಂಗತಿಯೂ ಬಿಟ್ಟುಹೋಗಕೂಡದು. ಉಳಿದೆರಡು ಭಾಗಗಳು ಏಕಕಾಲಿಕ ಅನುವಾದದವು. ಕಿವಿಯಲ್ಲಿ ಮಾತು ಬೀಳುತ್ತಿರುವಂತೆಯೇ ಬಾಯಲ್ಲಿ ಅನುವಾದ ಹೊರಡಬೇಕು. ಒಬ್ಬರೇ ವಕೀಲರ ವಾದವನ್ನು ನಿಮಿಷಕ್ಕೆ 120 ಪದಗಳ ವೇಗದಲ್ಲಿ ಏಳು ನಿಮಿಷ ಕೇಳಿಸಲಾಗುತ್ತದೆ. ಪ್ರಶ್ನೋತ್ತರದ ಭಾಗದಲ್ಲಿ ವೇಗ ನಿಮಿಷಕ್ಕೆ 160 ಪದಗಳವರೆಗೂ ಏರುತ್ತದೆ.

ಅಂಕ ಕೊಡುವ ಕ್ರಮ ಲೆಕ್ಕಪತ್ರ ಬಲ್ಲವರಿಗೆ ಕುತೂಹಲಕರವೆನಿಸೀತು. ಒಟ್ಟಾರೆ ಚೆನ್ನಾಗಿ ಹೇಳಿದರು, ಸುಮಾರಾಗಿ ಹೇಳಿದರು ಎಂಬ ಅಭಿಪ್ರಾಯಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ಪಠ್ಯದಲ್ಲಿ ಮೊದಲೇ ಗುರುತಿಸಿಟ್ಟ 220 ಅಂಶಗಳಿರುತ್ತವೆ: ಒಂದು ಸಂಖ್ಯೆ, ಒಂದು ದಿನಾಂಕ, ಒಂದು ನುಡಿಗಟ್ಟು, ಒಂದು ಕಾನೂನು ಪದ, ಒಂದು ಬೈಗುಳ, ವಾಕ್ಯದ ಕೊನೆಯಲ್ಲಿ ಅಂಟಿಕೊಂಡ ಒಂದು ಸಣ್ಣ ಪದ. ಪ್ರತಿಯೊಂದನ್ನೂ ಸರಿ ಅಥವಾ ತಪ್ಪು ಎಂದು ಎಣಿಸಲಾಗುತ್ತದೆ. ಶೇಕಡ 80, ಅಂದರೆ 176 ಅಂಶಗಳು ಸರಿಯಾಗಿದ್ದರೆ ತೇರ್ಗಡೆ. ಖಾತೆಗಳ ಒಟ್ಟು ತಾಳೆಯಾದರೆ ಸಾಲದು, ಪ್ರತಿ ನಮೂದಿಗೂ ವೋಚರ್ ಇರಬೇಕು ಎಂಬ ನಿಯಮಕ್ಕೂ ಇದಕ್ಕೂ ದೂರವೇನಿಲ್ಲ.

ಇದಕ್ಕೆ ಸಿದ್ಧತೆ ವರ್ಷಗಟ್ಟಲೆ ನಡೆಯುತ್ತದೆ. ರೇಡಿಯೋ ವಾರ್ತೆಯನ್ನು ಎರಡು ಕ್ಷಣ ಹಿಂದಿದ್ದುಕೊಂಡು ಅದೇ ಭಾಷೆಯಲ್ಲಿ ಪುನರುಚ್ಚರಿಸುವುದು ಮೊದಲ ಪಾಠ. ನೆರಳಿನಂತೆ ಹಿಂಬಾಲಿಸುವ ಈ ಅಭ್ಯಾಸ ಕೈಗೂಡಿದ ಮೇಲೆ, ಅದನ್ನೇ ಅಂಕಿಗಳನ್ನು ಬರೆಯುತ್ತ ಮಾಡಬೇಕು. ಗುಮಾಸ್ತರ ಶೀಘ್ರಲಿಪಿಯಂತಲ್ಲದೆ, ಮಾತಿನ ಅರ್ಥದ ಎಲುಬನ್ನು ಮಾತ್ರ ಹಿಡಿದಿಡುವ ಸ್ವಂತ ಸಂಕೇತಗಳನ್ನು ಪ್ರತಿಯೊಬ್ಬರೂ ರೂಪಿಸಿಕೊಳ್ಳುತ್ತಾರೆ. ಮಾದಕ ವಸ್ತು, ಬಂದೂಕು, ವೈದ್ಯಕೀಯ, ಬ್ಯಾಂಕಿಂಗ್, ವಾಹನದ ಬಿಡಿಭಾಗ, ಹೀಗೆ ವಿಷಯವಾರು ಪದಪಟ್ಟಿಗಳನ್ನು ತಯಾರಿಸಿಕೊಳ್ಳುವುದು ಮುಗಿಯದ ಕೆಲಸ.

ಪರೀಕ್ಷೆ ಮುಗಿದ ಮೇಲೂ ಶಿಸ್ತು ಸಡಿಲಗೊಳ್ಳುವುದಿಲ್ಲ. ಸಾಕ್ಷಿ ‘ನಾನು ಹೋದೆ’ ಎಂದರೆ ದುಭಾಷಿಯೂ ‘ನಾನು ಹೋದೆ’ ಎಂದೇ ಹೇಳಬೇಕು; ‘ತಾನು ಹೋದೆನೆಂದು ಹೇಳುತ್ತಿದ್ದಾರೆ’ ಎನ್ನಕೂಡದು. ಸಾಕ್ಷಿ ತಡವರಿಸಿದರೆ ಅನುವಾದವೂ ತಡವರಿಸಬೇಕು. ಅಸಂಬದ್ಧ ಉತ್ತರವನ್ನು ತಿದ್ದಿ ಸುಸಂಬದ್ಧಗೊಳಿಸುವ ಅಧಿಕಾರ ದುಭಾಷಿಗಿಲ್ಲ. ಸಾಕ್ಷಿಯ ವಿಶ್ವಾಸಾರ್ಹತೆಯನ್ನು ಅಳೆಯಬೇಕಾದವರು ನ್ಯಾಯಾಧೀಶರು ಮತ್ತು ಜ್ಯೂರಿ. ತಮ್ಮ ಪರವಾಗಿ ಏನಾದರೂ ಹೇಳಬೇಕಾದಾಗ ಮಾತ್ರ ಅವರು ‘ಈ ಪದದ ಅರ್ಥ ಸ್ಪಷ್ಟಪಡಿಸಲು ದುಭಾಷಿ ಅನುಮತಿ ಕೋರುತ್ತಾರೆ’ ಎಂದು ತಮ್ಮನ್ನು ತಾವೇ ಪ್ರಥಮ ಪುರುಷದಲ್ಲಿ ಕರೆದುಕೊಳ್ಳುತ್ತಾರೆ. ದೀರ್ಘ ವಿಚಾರಣೆಗಳಿಗೆ ಇಬ್ಬರನ್ನು ನೇಮಿಸಿ, ಸುಮಾರು ಅರ್ಧ ಗಂಟೆಗೊಮ್ಮೆ ಸರದಿ ಬದಲಿಸುವುದು ರೂಢಿ. ದಣಿದ ಮಿದುಳು ತಪ್ಪುತ್ತದೆ, ತಾನು ತಪ್ಪುತ್ತಿರುವುದೂ ಅದಕ್ಕೆ ತಿಳಿಯುವುದಿಲ್ಲ.

‘ಆಯ್ತು’ ಎಂಬ ಮಾತಿನ ಬೆಲೆ

ಇಷ್ಟೆಲ್ಲ ಕಟ್ಟುನಿಟ್ಟು ಏಕೆ? ಅಮೆರಿಕದ ನ್ಯಾಯಾಲಯದ ನಡವಳಿಯಲ್ಲಿ ದಾಖಲಾಗುವುದು ಇಂಗ್ಲಿಷ್ ಮಾತ್ರ ಎಂಬುದೇ ಇದಕ್ಕೆ ಕಾರಣ. ಸಾಕ್ಷಿ ತನ್ನ ಭಾಷೆಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ದುಭಾಷಿ ಹೇಳಿದ್ದು ದಾಖಲೆಯಾಯಿತು. ಮೇಲ್ಮನವಿಯ ನ್ಯಾಯಾಧೀಶರು ಓದುವುದೂ ಅದನ್ನೇ.

ಒಂದು ಕಲ್ಪಿತ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. ಇಳಕಲ್ಲಿನ ಗ್ರಾನೈಟ್ ರಫ್ತುದಾರರೊಬ್ಬರ ಮೇಲೆ ನ್ಯೂಜೆರ್ಸಿಯ ಖರೀದಿದಾರರು ದಾವೆ ಹೂಡಿದ್ದಾರೆ. ಬಂದ ಚಪ್ಪಡಿಗಳ ಬಣ್ಣ ಮಾದರಿಗೆ ಹೊಂದುವುದಿಲ್ಲ ಎಂಬುದು ದೂರು. ‘ಖರೀದಿದಾರರು ಫೋನಿನಲ್ಲಿ ಈ ದೋಷವನ್ನು ತಿಳಿಸಿ, ಹಣ ಹಿಂದಿರುಗಿಸಲು ಕೇಳಿದಾಗ ನೀವೇನು ಹೇಳಿದಿರಿ?’ ಎಂದು ಎದುರು ಪಕ್ಷದ ವಕೀಲರು ಕೇಳುತ್ತಾರೆ. ‘ಆಯ್ತು, ನೋಡೋಣ ಅಂದೆ’ ಎಂದು ರಫ್ತುದಾರರು ಉತ್ತರಿಸುತ್ತಾರೆ.

ಕನ್ನಡ ಬಲ್ಲ ಯಾರಿಗಾದರೂ ಇದರ ಅರ್ಥ ತಿಳಿಯುತ್ತದೆ. ಇಲ್ಲಿನ ‘ಆಯ್ತು’ ಒಪ್ಪಿಗೆಯಲ್ಲ, ಕೇಳಿಸಿಕೊಂಡೆ ಎಂಬುದರ ಸೂಚನೆ. ‘ನೋಡೋಣ’ ಎಂಬುದು ಇಲ್ಲವೆನ್ನುವ ಸಭ್ಯ ರೀತಿಯೂ ಆಗಬಹುದು, ಪರಿಶೀಲಿಸುವೆನೆಂಬ ಭರವಸೆಯೂ ಆಗಬಹುದು. ಅವಸರದ ದುಭಾಷಿಯೊಬ್ಬರು ಇದನ್ನು ‘ಐ ಅಗ್ರೀಡ್’ ಎಂದುಬಿಟ್ಟರೆ ರಫ್ತುದಾರರು ಹೊಣೆ ಒಪ್ಪಿಕೊಂಡಂತಾಯಿತು. ‘ಆಲ್‌ರೈಟ್, ಲೆಟ್ ಅಸ್ ಸೀ’ ಎಂದರೆ ಮಾತಿನ ಅಸ್ಪಷ್ಟತೆ ಅಸ್ಪಷ್ಟತೆಯಾಗಿಯೇ ಉಳಿಯುತ್ತದೆ. ಮುಂದಿನ ಪ್ರಶ್ನೆ ಕೇಳಿ ಅದನ್ನು ಬಿಡಿಸಿಕೊಳ್ಳುವುದು ವಕೀಲರ ಕೆಲಸ. ಎರಡು ಪದಗಳ ಅಂತರ. ನಡುವೆ ಒಂದು ಕಂಟೇನರ್ ಮಾಲಿನ ಬೆಲೆ.

ಕನ್ನಡದ ಗೌರವ ಬಹುವಚನವೂ ಇಂಥದೇ ತೊಡಕು. ‘ಅವರು ಒಪ್ಪಿದರು’ ಎಂದಾಗ ಒಪ್ಪಿದವರು ಒಬ್ಬ ಗಂಡಸೇ, ಹೆಂಗಸೇ, ಅಥವಾ ಹಲವರೇ? ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಸರ್ವನಾಮ ವಾಡಿಕೆಯಲ್ಲಿದೆ. ಪಾಲುದಾರಿಕೆ ಸಂಸ್ಥೆಯ ವ್ಯಾಜ್ಯದಲ್ಲಿ ಒಬ್ಬ ಪಾಲುದಾರರು ಒಪ್ಪಿದ್ದೋ ಎಲ್ಲರೂ ಒಪ್ಪಿದ್ದೋ ಎಂಬುದೇ ತಿರುಳಾಗಿರಬಹುದು. ಊಹಿಸಿ ಹೇಳುವುದು ತಪ್ಪು. ನ್ಯಾಯಾಲಯದ ಅನುಮತಿ ಪಡೆದು ಸಾಕ್ಷಿಯನ್ನೇ ಕೇಳುವುದು ಸರಿಯಾದ ಕ್ರಮ.

ವ್ಯಾಪಾರಿ ಕನ್ನಡದ ಪದಕೋಶವಂತೂ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ‘ಉದ್ರಿ’ಗೆ ಇಂಗ್ಲಿಷಿನಲ್ಲಿ ಸಾಕಷ್ಟು ಹತ್ತಿರದ ಪದ ಸಿಕ್ಕೀತು. ‘ಕೈಗಡ’ಕ್ಕೆ? ‘ಹ್ಯಾಂಡ್ ಲೋನ್’ ಎಂಬುದು ಇಲ್ಲಿನ ವಕೀಲರಿಗೂ ತೆರಿಗೆ ಅಧಿಕಾರಿಗಳಿಗೂ ಪರಿಚಿತವಾದ ಇಂಗ್ಲಿಷ್; ನ್ಯೂಜೆರ್ಸಿಯ ಜ್ಯೂರಿಗೆ ಅದು ಏನೂ ಹೇಳುವುದಿಲ್ಲ. ಪತ್ರವಿಲ್ಲದೆ, ನಂಬಿಕೆಯ ಮೇಲೆ, ಅಲ್ಪಾವಧಿಗೆ ಕೊಟ್ಟ ಸಾಲ ಎಂದು ವಿವರಿಸಲು ಹೊರಟರೆ ಸಾಕ್ಷಿ ಹೇಳದಿದ್ದುದನ್ನು ದುಭಾಷಿ ಸೇರಿಸಿದಂತಾಗುತ್ತದೆ. ‘ಚೀಟಿ’ ಎಂದರೆ ಕಾಗದದ ತುಂಡೂ ಹೌದು, ಹಣ ಕಟ್ಟುವ ಚೀಟಿಯೂ ಹೌದು. ಲಕ್ಷ, ಕೋಟಿಗಳನ್ನು ಮಿಲಿಯನ್ ಲೆಕ್ಕಕ್ಕೆ ತಿರುಗಿಸುವಾಗ ಅನುಭವಿಗಳೂ ಒಂದು ಸೊನ್ನೆ ನುಂಗುವುದುಂಟು. ಒಂದು ಕೋಟಿ ಇಪ್ಪತ್ತೈದು ಲಕ್ಷ ಎಂದು ಕೇಳಿದ ಕೂಡಲೇ ಹನ್ನೆರಡೂವರೆ ಮಿಲಿಯನ್ ಎಂಬುದು ಯೋಚನೆಯಿಲ್ಲದೆ ಬಾಯಿಗೆ ಬರಬೇಕಾದರೆ ಅದಕ್ಕೆ ಬೇರೆಯದೇ ಸಾಧನೆ ಬೇಕು.

ಅಂಗೈಯ ಫೋನಿನಲ್ಲಿಯೇ ಅನುವಾದ ಸಿಗುವ ಈ ಕಾಲದಲ್ಲಿ ಈ ವೃತ್ತಿಯ ಅಗತ್ಯವೇನು ಎಂದು ಕೇಳುವವರಿದ್ದಾರೆ. ಭಾರತದ ಸರ್ವೋಚ್ಚ ನ್ಯಾಯಾಲಯವೇ 2019ರ ನವೆಂಬರಿನಲ್ಲಿ ‘ಸುವಾಸ್’ ಎಂಬ ತಂತ್ರಾಂಶವನ್ನು ಬಳಕೆಗೆ ತಂದು, ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಿಗೆ ಅನುವಾದಿಸಲು ತೊಡಗಿದೆ. ಬರೆದಿಟ್ಟ ತೀರ್ಪನ್ನು ಅನುವಾದಿಸಿ, ಆಮೇಲೆ ಬಲ್ಲವರಿಂದ ತಿದ್ದಿಸುವುದು ಬೇರೆ. ಸಾಕ್ಷಿಕಟ್ಟೆಯಲ್ಲಿ ಆಡಿದ ಅರೆಮಾತಿನ ಹೊಣೆ ಹೊರುವುದು ಬೇರೆ. ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮ 604ರಂತೆ ದುಭಾಷಿ ಅರ್ಹರಾಗಿರಬೇಕು ಮತ್ತು ಸತ್ಯವಾಗಿ ಅನುವಾದಿಸುವೆನೆಂದು ಪ್ರಮಾಣ ಮಾಡಬೇಕು. ಯಂತ್ರದಿಂದ ಪ್ರಮಾಣ ಮಾಡಿಸುವ ಬಗೆ ಇನ್ನೂ ಯಾರಿಗೂ ಹೊಳೆದಿಲ್ಲ.

ಕನ್ನಡಕ್ಕೆ ಯಾವ ಸ್ಥಾನ?

ಫೆಡರಲ್ ನ್ಯಾಯಾಲಯದಲ್ಲಿ ಸ್ಪ್ಯಾನಿಷ್ ಬಿಟ್ಟು ಉಳಿದ ಭಾಷೆಗಳ ದುಭಾಷಿಗಳಿಗೆ ಎರಡು ವರ್ಗಗಳಿವೆ. ವಿದೇಶಾಂಗ ಇಲಾಖೆಯ ಅಥವಾ ವಿಶ್ವಸಂಸ್ಥೆಯ ದುಭಾಷಿ ಪರೀಕ್ಷೆಯಂತಹ ಮನ್ನಣೆ ಪಡೆದವರು ವೃತ್ತಿಪರ ಅರ್ಹತೆಯುಳ್ಳವರು. ಉಳಿದವರು ಆಯಾ ನ್ಯಾಯಾಲಯಕ್ಕೆ ತಮ್ಮ ಸಾಮರ್ಥ್ಯವನ್ನು ಮನಗಾಣಿಸಿ ಭಾಷಾ ಕುಶಲರೆನಿಸಿಕೊಳ್ಳುತ್ತಾರೆ. ಸಂಭಾವನೆಯಲ್ಲಿ ಅಂತರವಿದೆ. 2010ರ ದಶಕದ ಕೊನೆಯ ವರ್ಷಗಳಲ್ಲಿ ಪ್ರಮಾಣಪತ್ರವುಳ್ಳವರಿಗೆ ಪೂರ್ಣ ದಿನಕ್ಕೆ 418 ಡಾಲರ್ ನಿಗದಿಯಾಗಿದ್ದರೆ, ಭಾಷಾ ಕುಶಲರಿಗೆ 202 ಡಾಲರ್ ಇತ್ತು. ದರಗಳು ಆಮೇಲೆ ಏರಿವೆ. ಒಂದೇ ಕುರ್ಚಿ, ಒಂದೇ ಪ್ರಮಾಣವಚನ, ಅರ್ಧಕ್ಕಿಂತ ಕಡಿಮೆ ಹಣ. ಪ್ರಮಾಣಪತ್ರದ ಬೆಲೆಯನ್ನು ಇದಕ್ಕಿಂತ ನೇರವಾಗಿ ತೋರಿಸುವ ಅಂಕಿ ಬೇರೆ ಬೇಕಿಲ್ಲ.

ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಭಾಷೆಗಳನ್ನು ‘ಪ್ರಮಾಣೀಕೃತ’ ಮತ್ತು ‘ನೋಂದಾಯಿತ’ ಎಂದು ವಿಂಗಡಿಸಲಾಗಿದೆ. ಭಾರತೀಯ ಭಾಷೆಗಳ ಪೈಕಿ ಪಂಜಾಬಿಗೆ ಪ್ರಮಾಣೀಕೃತ ಸ್ಥಾನವಿದೆ. ಆ ರಾಜ್ಯದ ಬೇಸಾಯ, ಲಾರಿ ಸಾಗಣೆ ಉದ್ಯಮಗಳಲ್ಲಿ ಪಂಜಾಬಿಗಳ ಸಂಖ್ಯೆ ದೊಡ್ಡದು, ಬೇಡಿಕೆಯೂ ಹಾಗೆಯೇ. ಕನ್ನಡಕ್ಕೆ ಪೂರ್ಣ ಪ್ರಮಾಣದ ದುಭಾಷಿ ಪರೀಕ್ಷೆಯಿಲ್ಲ. ಅಲ್ಲಿಗೆ ಹೋದ ಕನ್ನಡಿಗರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿಯೇ ಓದಿದ ತಂತ್ರಜ್ಞರಾದುದರಿಂದ ನ್ಯಾಯಾಲಯಕ್ಕೆ ಕನ್ನಡ ದುಭಾಷಿ ಬೇಕಾಗುವುದು ವಿರಳ. ಮಕ್ಕಳ ಮನೆಗೆ ಬಂದ ವಯಸ್ಸಾದ ತಂದೆತಾಯಿಗಳು ಸಾಕ್ಷಿಯಾಗಬೇಕಾದಾಗ, ಕೌಟುಂಬಿಕ ವ್ಯಾಜ್ಯಗಳಲ್ಲಿ, ಅಪಘಾತದ ಪ್ರಕರಣಗಳಲ್ಲಿ ಅಗತ್ಯ ಬೀಳಬಹುದು. ಕನ್ನಡದ ಅಭ್ಯರ್ಥಿ ನೋಂದಾಯಿತ ದುಭಾಷಿಯಾಗಬೇಕಾದರೆ ಇಂಗ್ಲಿಷಿನ ಲಿಖಿತ ಪರೀಕ್ಷೆ, ಇಂಗ್ಲಿಷಿನಲ್ಲಿ ಮೌಖಿಕ ಪ್ರಾವೀಣ್ಯದ ಪರೀಕ್ಷೆ, ಮತ್ತು ಲಭ್ಯವಿದ್ದಲ್ಲಿ ತನ್ನ ಭಾಷೆಯಲ್ಲಿಯೂ ಅಂಥದೇ ಪರೀಕ್ಷೆ ದಾಟಬೇಕು. ಆಮೇಲೆ ಎರಡು ವರ್ಷಕ್ಕೆ 30 ಗಂಟೆಗಳ ಮುಂದುವರಿಕೆ ಶಿಕ್ಷಣ ಮತ್ತು 40 ಬಾರಿಯ ವೃತ್ತಿ ನಿರ್ವಹಣೆಯನ್ನು ತೋರಿಸಿದರೆ ಮಾತ್ರ ನೋಂದಣಿ ನವೀಕರಣವಾಗುತ್ತದೆ. ಕನ್ನಡವೊಂದನ್ನೇ ನೆಚ್ಚಿ ಇದರಿಂದ ಜೀವನ ಸಾಗಿಸುವೆನೆಂದು ಹೊರಡುವವರಿಗೆ ಆ ನಲವತ್ತು ಬಾರಿಯ ಷರತ್ತೇ ಭಾರವಾದೀತು. ಸ್ಪ್ಯಾನಿಷ್ ಕಲಿತು ಅದರಲ್ಲಿ ಪರಿಣತಿ ಪಡೆದವರ ಮಾತು ಬೇರೆ.

ಆಸ್ಟ್ರೇಲಿಯಾಕ್ಕೆ ವಲಸೆ ಹೋಗಬಯಸುವ ಯುವಕರು ಅಲ್ಲಿನ ‘ನಾಟಿ’ ಸಂಸ್ಥೆಯ ಸಿಸಿಎಲ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ವೀಸಾಕ್ಕೆ ಐದು ಅಂಕ ಗಳಿಸುವುದುಂಟು. ಅದು ಸಾಮುದಾಯಿಕ ಸಂಭಾಷಣೆಯ ಪರೀಕ್ಷೆ. ನ್ಯಾಯಾಲಯದ ದುಭಾಷಿಯಾಗಲು ಅದು ಪರವಾನಗಿಯಲ್ಲ. ಎರಡನ್ನೂ ಒಂದೆಂದು ಹೇಳಿ ಶುಲ್ಕ ಕೀಳುವ ತರಬೇತಿ ಜಾಹೀರಾತುಗಳ ಬಗ್ಗೆ ಎಚ್ಚರ ಅಗತ್ಯ.

ಖರ್ಚು ಯಾರ ತಲೆಗೆ?

ದುಭಾಷಿಯನ್ನು ಸರ್ಕಾರವೇ ಒದಗಿಸುತ್ತದೆ ಎಂಬ ಕಲ್ಪನೆ ಅರ್ಧ ಸತ್ಯ. 1978ರ ಕಾಯಿದೆಯು ಅನ್ವಯಿಸುವುದು ಅಮೆರಿಕ ಸರ್ಕಾರವೇ ಹೂಡಿದ ಕ್ರಿಮಿನಲ್ ಮತ್ತು ಸಿವಿಲ್ ಪ್ರಕರಣಗಳಿಗೆ. ಇಬ್ಬರು ಖಾಸಗಿ ವರ್ತಕರ ನಡುವಣ ಫೆಡರಲ್ ದಾವೆಯಲ್ಲಿ ಸಾಮಾನ್ಯವಾಗಿ ಪಕ್ಷಗಾರರೇ ವೆಚ್ಚ ಭರಿಸಬೇಕು. ಕ್ಯಾಲಿಫೋರ್ನಿಯಾ 2015ರಿಂದ ರಾಜ್ಯದ ಸಿವಿಲ್ ನ್ಯಾಯಾಲಯಗಳಲ್ಲಿ ಉಚಿತ ಸೇವೆಯನ್ನು ಹಂತಹಂತವಾಗಿ ವಿಸ್ತರಿಸಿದೆ. ಎಲ್ಲ ರಾಜ್ಯಗಳ ಸ್ಥಿತಿ ಒಂದೇ ಅಲ್ಲ. ವಿಚಾರಣೆಗೆ ಮುಂಚೆ ವಕೀಲರ ಕಚೇರಿಯಲ್ಲಿ ನಡೆಯುವ ‘ಡಿಪೊಸಿಷನ್’ ಎಂಬ ಪ್ರಮಾಣಪೂರ್ವಕ ಹೇಳಿಕೆಗಂತೂ ದುಭಾಷಿಯನ್ನು ಪಕ್ಷಗಾರರೇ ಗೊತ್ತುಮಾಡಿಕೊಳ್ಳುತ್ತಾರೆ. ವಾಣಿಜ್ಯ ವ್ಯಾಜ್ಯಗಳಲ್ಲಿ ಬಹುಪಾಲು ಇತ್ಯರ್ಥವಾಗುವುದು ಈ ಹಂತದಲ್ಲಿಯೇ ಆದುದರಿಂದ ಇದು ಸಣ್ಣ ವಿಷಯವಲ್ಲ.

ಗೆದ್ದವರು ದುಭಾಷಿಯ ಸಂಭಾವನೆಯನ್ನು ಸೋತವರಿಂದ ವಸೂಲು ಮಾಡಲು ಅವಕಾಶವಿದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಜಪಾನಿನ ಬೇಸ್‌ಬಾಲ್ ಆಟಗಾರ ತಾನಿಗುಚಿ ಎಂಬವರು ಪೆಸಿಫಿಕ್ ದ್ವೀಪವೊಂದರ ರೆಸಾರ್ಟಿನಲ್ಲಿ ಮರದ ಹಾಸು ಕುಸಿದು ಗಾಯಗೊಂಡು ದಾವೆ ಹೂಡಿ ಸೋತರು. ಗೆದ್ದ ಕಂಪನಿಯು ಜಪಾನಿ ದಸ್ತಾವೇಜುಗಳನ್ನು ಇಂಗ್ಲಿಷಿಗೆ ಭಾಷಾಂತರಿಸಿದ 5,517 ಡಾಲರ್ 20 ಸೆಂಟ್ ಖರ್ಚನ್ನು ದುಭಾಷಿಯ ಸಂಭಾವನೆಯೆಂದು ಕೇಳಿತು. ಕೆಳಗಿನ ಎರಡು ನ್ಯಾಯಾಲಯಗಳು ಒಪ್ಪಿದವು. 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಿಂದ ಅದನ್ನು ತಳ್ಳಿಹಾಕಿತು. ದುಭಾಷಿ ಎಂದರೆ ಬಾಯಿಮಾತನ್ನು ಅನುವಾದಿಸುವವರು. ಬರವಣಿಗೆಯ ಭಾಷಾಂತರ ಅದರಲ್ಲಿ ಸೇರುವುದಿಲ್ಲ ಎಂಬುದು ತೀರ್ಮಾನ. ಕನ್ನಡದಲ್ಲಿ ಬರೆದ ವಹಿ, ಪತ್ರ, ರಸೀದಿಗಳನ್ನು ಸಾಕ್ಷ್ಯವಾಗಿ ಒಯ್ಯುವವರು ಆ ಭಾಷಾಂತರದ ವೆಚ್ಚವನ್ನು ಈ ಬಾಬಿನಲ್ಲಿ ಮರಳಿ ಪಡೆಯುವ ಆಸೆ ಇಟ್ಟುಕೊಳ್ಳಕೂಡದು.

ಇಷ್ಟು ವೆಚ್ಚವನ್ನು ತಗ್ಗಿಸಬಾರದೇ ಎಂಬ ಪ್ರಶ್ನೆ ಸಹಜ. ಇಂಗ್ಲೆಂಡ್ ಅದನ್ನು ಮಾಡಿ ನೋಡಿತು. 2012ರ ಜನವರಿ ಕೊನೆಯಿಂದ ಅಲ್ಲಿನ ನ್ಯಾಯ ಸಚಿವಾಲಯವು ದುಭಾಷಿ ಸೇವೆಯನ್ನು ಒಂದೇ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತು. ದರ ಇಳಿಯಿತು, ನುರಿತ ದುಭಾಷಿಗಳಲ್ಲಿ ಅನೇಕರು ಕೆಲಸ ಒಪ್ಪಲು ನಿರಾಕರಿಸಿದರು. ಶೇಕಡ 98ರಷ್ಟು ಬೇಡಿಕೆ ಪೂರೈಸಬೇಕೆಂಬ ಗುರಿ ಈಡೇರದೆ, ದುಭಾಷಿ ಬಾರದ ಕಾರಣ ವಿಚಾರಣೆಗಳು ಮುಂದೂಡಲ್ಪಟ್ಟವು. ಸಂಸತ್ತಿನ ಸಮಿತಿಗಳು ಕಟುವಾಗಿ ಟೀಕಿಸಿದವು. ಮುಂದೂಡಿದ ಪ್ರತಿ ವಿಚಾರಣೆಗೂ ವಕೀಲರ ಶುಲ್ಕ, ಸಾಕ್ಷಿಗಳ ಪ್ರಯಾಣ, ನ್ಯಾಯಾಲಯದ ಸಮಯ ವ್ಯರ್ಥವಾಗುತ್ತಿತ್ತು. ಅಗ್ಗದ ಕಚ್ಚಾ ಮಾಲು ಕೊಂಡು ತಿರಸ್ಕೃತ ಸರಕಿನ ರಾಶಿ ನೋಡಿದ ತಯಾರಕರಿಗೆ ಈ ಲೆಕ್ಕ ಅಪರಿಚಿತವಲ್ಲ.

ಕರಾರು ಬರೆಯುವಾಗಲೇ

ಭಾರತದಲ್ಲಿ ವಿದೇಶಿ ಭಾಷೆಗಳ ನ್ಯಾಯಾಲಯ ದುಭಾಷಿಗಳಿಗೆ ಇಂತಹ ರಾಷ್ಟ್ರೀಯ ಪ್ರಮಾಣಪತ್ರ ಪರೀಕ್ಷೆಯಿಲ್ಲ. 1969ರ ಪ್ರಮಾಣವಚನ ಕಾಯಿದೆಯ 4ನೇ ಪ್ರಕರಣ ದುಭಾಷಿಯಿಂದ ಪ್ರಮಾಣ ಮಾಡಿಸುತ್ತದೆ; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 317ನೇ ಪ್ರಕರಣ ಆತನು ಸತ್ಯವಾಗಿ ಅನುವಾದಿಸಲು ಬದ್ಧನೆನ್ನುತ್ತದೆ. ಆತನ ಅರ್ಹತೆಯನ್ನು ಯಾರು, ಹೇಗೆ ಅಳೆಯಬೇಕೆಂಬ ಬಗ್ಗೆ ಈ ಪ್ರಕರಣಗಳು ಮೌನವಾಗಿವೆ. ಚೀನಾ, ಜಪಾನ್, ಜರ್ಮನಿಗಳಿಂದ ಯಂತ್ರ ತರಿಸುವ ಪೀಣ್ಯದ ಸಣ್ಣ ಕೈಗಾರಿಕೆಗೆ ಇದರ ಬಿಸಿ ತಟ್ಟುವುದು ವ್ಯಾಜ್ಯ ಎದ್ದ ದಿನ.

ಹೀಗಾಗಿ ರಕ್ಷಣೆಯನ್ನು ಕರಾರಿನಲ್ಲಿಯೇ ಕಟ್ಟಿಕೊಳ್ಳುವುದು ಜಾಣತನ. 1996ರ ಮಧ್ಯಸ್ಥಿಕೆ ಮತ್ತು ರಾಜಿ ಕಾಯಿದೆಯ 22ನೇ ಪ್ರಕರಣದಂತೆ ಮಧ್ಯಸ್ಥಿಕೆಯ ಭಾಷೆಯನ್ನು ಪಕ್ಷಗಾರರೇ ಗೊತ್ತುಪಡಿಸಿಕೊಳ್ಳಬಹುದು. ಬಿಟ್ಟರೆ ಮಧ್ಯಸ್ಥರು ಗೊತ್ತುಪಡಿಸುತ್ತಾರೆ. ವಿದೇಶಿ ಭಾಷೆಯಲ್ಲಿರುವ ಐತೀರ್ಪನ್ನು ಇಲ್ಲಿ ಜಾರಿ ಮಾಡಿಸಲು 47ನೇ ಪ್ರಕರಣದಂತೆ ಇಂಗ್ಲಿಷ್ ಭಾಷಾಂತರ ಬೇಕು. ಅದನ್ನು ಅರ್ಜಿದಾರರ ದೇಶದ ರಾಜತಾಂತ್ರಿಕ ಅಥವಾ ಕಾನ್ಸುಲರ್ ಅಧಿಕಾರಿ, ಇಲ್ಲವೇ ಭಾರತೀಯ ಕಾನೂನು ಒಪ್ಪುವ ಬೇರೆ ರೀತಿಯಲ್ಲಿ ದೃಢೀಕರಿಸಿರಬೇಕು. ಎರಡು ಭಾಷೆಗಳಲ್ಲಿ ಕರಾರು ಇದ್ದರೆ ಭಿನ್ನತೆ ಬಂದಾಗ ಯಾವುದು ಅಂತಿಮ ಎಂಬ ಒಂದು ಸಾಲು ಅದರಲ್ಲಿರಲೇಬೇಕು.

ಅಮೆರಿಕದ ದಾವೆಗೆ ಹೇಳಿಕೆ ಕೊಡಲು ಪ್ರತಿ ಬಾರಿ ಅಲ್ಲಿಗೆ ಹೋಗಬೇಕಾಗಿಯೂ ಇಲ್ಲ. ಭಾರತವು 2007ರಲ್ಲಿ ಹೇಗ್ ಸಾಕ್ಷ್ಯ ಒಪ್ಪಂದಕ್ಕೆ ಸೇರಿದೆ. ವಿದೇಶಿ ನ್ಯಾಯಾಲಯದ ಕೋರಿಕೆಯ ಮೇಲೆ ಇಲ್ಲಿನ ಹೈಕೋರ್ಟ್ ಕಮಿಷನ್ ನೇಮಿಸಿ ಸಾಕ್ಷಿಯನ್ನು ವಿಚಾರಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಲ್ಲಿ ಅವಕಾಶವಿದೆ. ಹೇಳಿಕೆ ಎಲ್ಲಿಯೇ ನಡೆಯಲಿ, ಇಂಗ್ಲಿಷಿನಲ್ಲಿ ಪಾಟೀಸವಾಲು ಎದುರಿಸುವ ಧೈರ್ಯವಿಲ್ಲದವರು ಸಂಕೋಚಪಡದೆ ಕನ್ನಡ ದುಭಾಷಿಯನ್ನು ಕೇಳಬೇಕು. ದಿನನಿತ್ಯದ ವ್ಯವಹಾರಕ್ಕೆ ಸಾಕಾಗುವ ಇಂಗ್ಲಿಷ್ ಪಾಟೀಸವಾಲಿಗೆ ಸಾಲದು. ಅರ್ಧ ಇಂಗ್ಲಿಷಿನಲ್ಲಿ ಹೇಳಿ, ಸಿಕ್ಕಿಕೊಂಡಾಗ ಕನ್ನಡಕ್ಕೆ ಹೊರಳುವ ಸಾಕ್ಷಿಯನ್ನು ಎದುರು ಪಕ್ಷದ ವಕೀಲರು ಸುಮ್ಮನೆ ಬಿಡುವುದಿಲ್ಲ. ದುಭಾಷಿಯ ವಿದ್ಯಾರ್ಹತೆ, ನೋಂದಣಿ, ಎರಡೂ ಪಕ್ಷಗಳೊಡನೆ ಅವರಿಗಿರಬಹುದಾದ ಸಂಬಂಧ, ಇವನ್ನು ಹೇಳಿಕೆ ಆರಂಭವಾಗುವ ಮೊದಲೇ ದಾಖಲೆಯ ಮೇಲೆ ಕೇಳಿಸುವಂತೆ ತಮ್ಮ ವಕೀಲರಿಗೆ ಸೂಚಿಸಬೇಕು. ಕನ್ನಡ ಬಲ್ಲ ಕಿರಿಯ ವಕೀಲರೊಬ್ಬರು ಪಕ್ಕದಲ್ಲಿದ್ದರೆ ತಪ್ಪು ಅನುವಾದಕ್ಕೆ ಆಗಲೇ ಆಕ್ಷೇಪ ಎತ್ತಬಹುದು. ತಿಂಗಳುಗಳ ನಂತರ ಎತ್ತಿದ ಆಕ್ಷೇಪಕ್ಕೆ ಬೆಲೆ ಕಡಿಮೆ.

ಫೆಡರಲ್ ಸಿವಿಲ್ ನಿಯಮ 30ರಲ್ಲಿ ಇನ್ನೂ ಒಂದು ಅವಕಾಶವಿದೆ. ಹೇಳಿಕೆ ಮುಗಿಯುವ ಮುನ್ನ ಕೋರಿಕೊಂಡರೆ, ಅದರ ಬೆರಳಚ್ಚು ಪ್ರತಿ ಸಿದ್ಧವಾದ ಸೂಚನೆ ಬಂದ ದಿನದಿಂದ 30 ದಿನಗಳೊಳಗೆ ಸಾಕ್ಷಿ ಅದನ್ನು ಪರಿಶೀಲಿಸಿ, ಬದಲಾವಣೆಗಳಿದ್ದರೆ ಕಾರಣ ಸಹಿತ ಬರೆದು ಸಹಿ ಮಾಡಬಹುದು. ಪ್ರತಿ ಇರುವುದು ಇಂಗ್ಲಿಷಿನಲ್ಲಿ. ಆದುದರಿಂದ ಆ ಮೂವತ್ತು ದಿನಗಳಲ್ಲಿ ಒಂದು ದಿನವನ್ನು, ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಬಲ್ಲ ಬೇರೊಬ್ಬ ದುಭಾಷಿಯೊಡನೆ ಕುಳಿತು ಕಳೆಯಲು ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು.